ಹದಿನಾರರಲ್ಲಿ ಸೊನ್ನೆ

ಹೋದ ತಿಂಗಳು ನಮ್ಮ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವಿಡಿಯೊ ಹಾಕಿದರು. ಆಪರೇಷನ್ ಥಿಯೇಟರು, ದೀಪ ಮಂದ ಮಾಡಿದ್ದಾರೆ. ಸರ್ಜನ್ ಕೈಯಲ್ಲಿ ಹೇರ್ ಡ್ರೈಯರಿನಷ್ಟು ದೊಡ್ಡ ಕ್ಯಾಮೆರಾ. ಅದನ್ನು ರೋಗಿಯ ಕಂಕುಳಿನ ಮೇಲೆ ಹಿಡಿದ ಕೂಡಲೇ ಪರದೆಯಲ್ಲಿ ಹಸಿರು ಗೆರೆಯೊಂದು ಹರಿದು ಒಂದು ಚುಕ್ಕೆಯಲ್ಲಿ ನಿಲ್ಲುತ್ತದೆ. ಕೆಳಗೆ ಒಕ್ಕಣೆ: 'ಕ್ಯಾನ್ಸರ್ ಎಲ್ಲಿದೆ ಅಂತ ಈಗ ಕಣ್ಣಿಗೇ ಕಾಣುತ್ತೆ!' ಹತ್ತು ನಿಮಿಷದಲ್ಲಿ ಚಪ್ಪಾಳೆಯ ಎಮೋಜಿಗಳು ಸಾಲುಗಟ್ಟಿದವು. 'ಇದಕ್ಕೆ ಎಐ ಜೋಡಿಸಿದರೆ ಸರ್ಜನ್ನೇ ಬೇಕಿಲ್ಲ' ಎಂದು ಒಬ್ಬರು ಬರೆದರು. ಅವರೂ ನನ್ನ ಹಾಗೆ ಐಟಿಯವರೇ.

ಆ ಒಕ್ಕಣೆಯಲ್ಲಿ ಎರಡು ಸುಳ್ಳುಗಳಿವೆ. ಒಂದು ಸಣ್ಣದು, ಒಂದು ದೊಡ್ಡದು.

ಸಣ್ಣದು ಬಣ್ಣದ ವಿಚಾರ. ಅಲ್ಲಿ ಚುಚ್ಚಿದ ದ್ರವದ ಹೆಸರು ಇಂಡೊಸಯನೈನ್ ಗ್ರೀನ್, ಚಿಕ್ಕದಾಗಿ ಐಸಿಜಿ. ಅದು ಕೊಡಕ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿತು. ಅಮೆರಿಕದಲ್ಲಿ 1959ರಿಂದ ವೈದ್ಯಕೀಯ ಬಳಕೆಗೆ ಒಪ್ಪಿಗೆ ಇದೆ. ಸುಮಾರು 800 ನ್ಯಾನೊಮೀಟರ್ ಬೆಳಕು ಬಿದ್ದರೆ ಅದು 830ರ ಆಸುಪಾಸಿನಲ್ಲಿ ಹೊಳೆಯುತ್ತದೆ. ಅದು ಅವಕೆಂಪು ಬೆಳಕು, ನಮ್ಮ ಕಣ್ಣಿಗೆ ಕಾಣುವುದಿಲ್ಲ, ಸಿಲಿಕಾನ್ ಸೆನ್ಸರಿಗೆ ಕಾಣುತ್ತದೆ. ಟಿವಿ ರಿಮೋಟಿನ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ ನೋಡಿ, ಬಹಳಷ್ಟು ಫೋನುಗಳಲ್ಲಿ ಬರಿಗಣ್ಣಿಗೆ ಕಾಣದ ಮಿನುಗು ಪರದೆಯಲ್ಲಿ ಕಾಣುತ್ತದೆ. ಅದೇ ತತ್ವ. ವಿಡಿಯೊದ ಹಸಿರು ಸಾಫ್ಟ್‌ವೇರ್ ಬಳಿದದ್ದು. ಗುಲಾಬಿ ಬಳಿದಿದ್ದರೂ ನಡೆಯುತ್ತಿತ್ತು.

ದೊಡ್ಡ ಸುಳ್ಳು ಇದು: ಅಲ್ಲಿ ಹೊಳೆದದ್ದು ಕ್ಯಾನ್ಸರ್ ಅಲ್ಲ. ಐಸಿಜಿಗೆ ಕ್ಯಾನ್ಸರ್ ಕೋಶದ ಗುರುತು ಪರಿಚಯ ಏನೂ ಇಲ್ಲ. ಗಡ್ಡೆಯ ಹತ್ತಿರ ಚುಚ್ಚಿದರೆ ಅದು ದುಗ್ಧರಸದ ಜೊತೆ ನಾಳಗಳಲ್ಲಿ ಹರಿದು ಮೊದಲು ಸಿಕ್ಕುವ ಗ್ರಂಥಿಗೆ ಹೋಗಿ ನಿಲ್ಲುತ್ತದೆ. ನನ್ನ ನಿಮ್ಮ ಆರೋಗ್ಯವಂತ ಮೈಗೆ ಚುಚ್ಚಿದರೂ ಹೀಗೇ ಹೊಳೆಯುತ್ತದೆ. ಕ್ಯಾಮೆರಾ ತೋರಿಸುವುದು ದಾರಿಯನ್ನು. ಆ ದಾರಿಯಲ್ಲಿ ಕಳ್ಳ ಹೋಗಿದ್ದಾನೋ ಇಲ್ಲವೋ ಎಂದು ಹೇಳುವವರು ಸೂಕ್ಷ್ಮದರ್ಶಕದ ಮುಂದೆ ಕೂತ ಪೆಥಾಲಜಿಸ್ಟ್.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ಯಾಕೆಂದರೆ, ಕೈಯಲ್ಲಿ ಹಿಡಿಯುವ ಈ ಸಾಧನಗಳು ಇರುವುದೇ ಒಂದು ಕೆಲಸಕ್ಕೆ: ಕತ್ತರಿಸದೆ ಬಿಡಬಹುದಾದದ್ದನ್ನು ಬಿಡಲು ಸರ್ಜನ್‌ಗೆ ಆಧಾರ ಕೊಡುವುದಕ್ಕೆ. ಅವನ್ನು 'ಕ್ಯಾನ್ಸರ್ ಕಾಣಿಸುವ ಯಂತ್ರ' ಎಂದು ಮಾರಿದರೆ, ಅದಿಲ್ಲದ ಆಸ್ಪತ್ರೆಯಲ್ಲಿ 'ಯಂತ್ರ ಇಲ್ಲ, ಆದ್ದರಿಂದ ಎಲ್ಲವನ್ನೂ ತೆಗೆಯುತ್ತೇವೆ' ಎನ್ನುವುದು ಸಹಜ ಮಾತಾಗಿಬಿಡುತ್ತದೆ. ಆ ಮಾತಿನ ಬೆಲೆ ನನಗೆ ಗೊತ್ತು. ನನ್ನ ಅಕ್ಕ ಎರಡು ಅಳತೆಯ ಬಳೆ ಕೊಳ್ಳುತ್ತಾಳೆ.

ಎಡಗೈಗೆ 2-4, ಬಲಗೈಗೆ 2-10. ಗದಗಿನ ಜಾತ್ರೆಯಲ್ಲಿ ಬಳೆಗಾರ ಕೇಳಿದ್ದ, 'ಇಬ್ಬರಿಗೆ ತಗೋಳಾಕತ್ತೀರೇನ್ರಿ ಯವ್ವಾ?' 'ಇಲ್ಲಪಾ, ಒಬ್ಬಾಕಿಗೇ. ಎರಡು ಕೈ ಅದಾವಲ್ಲ' ಅಂದಳು ಅಕ್ಕ. ಬಳೆಗಾರ ನಕ್ಕ. ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ.

2016ರಲ್ಲಿ ಅಕ್ಕನ ಬಲಸ್ತನದಲ್ಲಿ ಎರಡು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆ ಸಿಕ್ಕಿತು. ಪ್ರೈಮರಿ ಶಾಲೆಯ ಟೀಚರ್. ಬೇಗ ತೋರಿಸಿಕೊಂಡಿದ್ದಳು, ಕಂಕುಳಿನಲ್ಲಿ ಕೈಗೆ ಏನೂ ಸಿಗುತ್ತಿರಲಿಲ್ಲ. ಊರಿನಿಂದ ಪುಣೆಗೆ ಕರೆತಂದವನು ನಾನು. ಆಸ್ಪತ್ರೆ ಆರಿಸಿದವನು ನಾನು. ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸಬಹುದು ಎಂದರು ಸರ್ಜನ್. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಯುತ್ತೇವೆ, ಅದು ಸೇಫ್ ಎಂದರು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, 'ಕೋಯಿ ರಿಸ್ಕ್ ನಹೀ ಡಾಕ್ಟರ್, ಸಬ್ ನಿಕಾಲ್ ದೀಜಿಯೆ' ಎಂದೆ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಹತ್ತು ದಿನದ ಮೇಲೆ ಪೆಥಾಲಜಿ ರಿಪೋರ್ಟ್ ಬಂತು. ಗ್ರಂಥಿಗಳ ಸಾಲಿನಲ್ಲಿ 0/16 ಎಂದಿತ್ತು. ಹದಿನಾರು ಗ್ರಂಥಿ ತೆಗೆದರು, ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ. ನಾವು ಪೇಢೆ ಹಂಚಿದೆವು. ಆ ಭಿನ್ನರಾಶಿಯ ಕೆಳಗಿನ ಅಂಕಿಯನ್ನು ನಾನು ಓದಿದ್ದು ಎರಡು ವರ್ಷದ ನಂತರ, ಅಕ್ಕನ ತೋಳು ಊದಿ, ಸೋಂಕಾಗಿ, ಜ್ವರದಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ. ಲಿಂಫೆಡಿಮಾ ಎಂದರು. ದುಗ್ಧರಸ ಹರಿದುಹೋಗುವ ದಾರಿ ಮುಚ್ಚಿದ್ದರಿಂದ ಬರುವ ಬಾವು. ಪೂರ್ತಿ ವಾಸಿಯಾಗುವುದು ಕಷ್ಟ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ಬೋರ್ಡಿನ ಮೇಲ್ಭಾಗಕ್ಕೆ ಕೈ ಎತ್ತಿ ಬರೆಯುವುದನ್ನು ಅಕ್ಕ ಬಿಟ್ಟು ಎಷ್ಟೋ ವರ್ಷವಾಯಿತು. ಕೆಳಗಿನ ಅರ್ಧ ಬೋರ್ಡಿನಲ್ಲೇ ಅವಳ ಪಾಠ.

ಈ ಹದಿನಾರನ್ನು ತೆಗೆಯುವ ಅಭ್ಯಾಸ ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿ ಓದಿದೆ. ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸ್ತನ, ಅದರ ಹಿಂದಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವೂ ಹೋಗುತ್ತಿದ್ದವು. ಕ್ಯಾನ್ಸರ್ ಗಡ್ಡೆಯಿಂದ ಗ್ರಂಥಿಗೆ, ಗ್ರಂಥಿಯಿಂದ ಮೈಗೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ, ಮೆಟ್ಟಿಲು ಕಿತ್ತರೆ ಕ್ಯಾನ್ಸರ್ ನಿಲ್ಲುತ್ತದೆ ಎಂಬ ನಂಬಿಕೆ ಅದು. ಮುಕ್ಕಾಲು ಶತಮಾನ ಅದು ನಡೆಯಿತು. 1971ರಲ್ಲಿ ಬರ್ನಾರ್ಡ್ ಫಿಶರ್ ಮುಂದಾಳತ್ವದಲ್ಲಿ ಅಮೆರಿಕದಲ್ಲಿ ಬಿ-04 ಎಂಬ ಪ್ರಯೋಗ ಆರಂಭವಾಯಿತು. ಗ್ರಂಥಿ ಕೈಗೆ ಸಿಗದ ಹೆಂಗಸರಲ್ಲಿ ಕೆಲವರಿಗೆ ಹಾಲ್‌ಸ್ಟೆಡ್ ಶಸ್ತ್ರಕ್ರಿಯೆ, ಕೆಲವರಿಗೆ ಕಂಕುಳು ಮುಟ್ಟದೆ ಸ್ತನ ಮಾತ್ರ. 25 ವರ್ಷದ ಫಲಿತಾಂಶ 2002ರಲ್ಲಿ ಬಂತು: ಬದುಕುಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ.

ಹಾಗಾದರೆ ಗ್ರಂಥಿ ನೋಡುವುದೇ ಬೇಡವೆ? ಬೇಕಿತ್ತು. ಗ್ರಂಥಿಗೆ ರೋಗ ಇಳಿದಿದೆಯೇ ಎಂಬುದು ಮುಂದಿನ ಕೀಮೊ, ರೇಡಿಯೇಷನ್ ನಿರ್ಧಾರಕ್ಕೆ ದಾರಿ ತೋರುತ್ತದೆ. ಮಾಹಿತಿ ಬೇಕು, ಅದಕ್ಕಾಗಿ ಹದಿನಾರೂ ಬೇಕೆ ಎಂಬುದೇ ಪ್ರಶ್ನೆ. ಉತ್ತರ ಬಂದದ್ದು ಬೇರೆ ಕ್ಯಾನ್ಸರುಗಳಿಂದ. ಶಿಶ್ನದ ಕ್ಯಾನ್ಸರಿನಲ್ಲಿ ದುಗ್ಧರಸ ಮೊದಲು ತಲುಪುವ ಒಂದು ಗ್ರಂಥಿ ಇದೆ, ಅದು ಶುದ್ಧವಾಗಿದ್ದರೆ ಉಳಿದವೂ ಬಹುತೇಕ ಶುದ್ಧ ಎಂದು 1977ರಲ್ಲಿ ರಾಮೋನ್ ಕಬಾನಾಸ್ ಹೇಳಿದರು. ಇಂಗ್ಲಿಷಿನಲ್ಲಿ ಇದು ಸೆಂಟಿನೆಲ್ ನೋಡ್, ನಮ್ಮಲ್ಲಿ ಕಾವಲು ಗ್ರಂಥಿ ಎನ್ನೋಣ. 1992ರಲ್ಲಿ ಡೊನಾಲ್ಡ್ ಮಾರ್ಟನ್ ಮೆಲನೋಮಾ ರೋಗಿಗಳಲ್ಲಿ ನೀಲಿ ಬಣ್ಣ ಚುಚ್ಚಿ ಆ ಗ್ರಂಥಿ ಹುಡುಕಿದರು. 1993ರಲ್ಲಿ ಡೇವಿಡ್ ಕ್ರಾಗ್ ಸ್ತನ ಕ್ಯಾನ್ಸರಿನಲ್ಲಿ ವಿಕಿರಣ ಸೂಸುವ ದ್ರವ ಚುಚ್ಚಿ, ಕೈಯಲ್ಲಿ ಹಿಡಿಯುವ ಗಾಮಾ ಪ್ರೋಬಿನಿಂದ ಹುಡುಕಿದರು. ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ ತಂಡ 516 ರೋಗಿಗಳ ಮೇಲೆ ಹೋಲಿಕೆ ಮಾಡಿ 2003ರಲ್ಲಿ ಪ್ರಕಟಿಸಿತು. ಅಮೆರಿಕದ ಬಿ-32 ಪ್ರಯೋಗದಲ್ಲಿ 5,611 ಹೆಂಗಸರಿದ್ದರು, ಫಲಿತಾಂಶ 2010ರಲ್ಲಿ ಬಂತು. ಕಾವಲು ಗ್ರಂಥಿ ಶುದ್ಧವಾಗಿದ್ದರೆ ಉಳಿದವನ್ನು ಬಿಟ್ಟರೂ ಆಯಸ್ಸಿನಲ್ಲಿ ಗಣನೀಯ ನಷ್ಟ ಕಾಣಲಿಲ್ಲ.

ಅಷ್ಟೇ ಅಲ್ಲ. ಝಡ್-0011 ಎಂಬ ಪ್ರಯೋಗ ಇನ್ನೊಂದು ಹೆಜ್ಜೆ ಹೋಯಿತು. ಗಡ್ಡೆಯನ್ನಷ್ಟೇ ತೆಗೆಸಿ ರೇಡಿಯೇಷನ್ ಪಡೆಯುವ ಹೆಂಗಸರಲ್ಲಿ ಒಂದೋ ಎರಡೋ ಕಾವಲು ಗ್ರಂಥಿಗಳಲ್ಲಿ ರೋಗ ಸಿಕ್ಕರೂ ಉಳಿದವನ್ನು ತೆಗೆಯದೆ ಬಿಟ್ಟು ನೋಡಿದರು. ಹತ್ತು ವರ್ಷಕ್ಕೆ ಬದುಕಿದ್ದವರು ಬಿಟ್ಟ ಗುಂಪಿನಲ್ಲಿ ಶೇ. 86.3, ಪೂರ್ತಿ ತೆಗೆದ ಗುಂಪಿನಲ್ಲಿ ಶೇ. 83.6. ಇದರ ಮೊದಲ ಫಲಿತಾಂಶ 2011ರಲ್ಲೇ ಬಂದಿತ್ತು. ಅಕ್ಕನ ಆಪರೇಷನ್ 2016ರಲ್ಲಿ. ಐದು ವರ್ಷ ಹಳೆಯ ರಿಲೀಸ್ ನೋಟ್ ಓದದೆ ಪ್ರೊಡಕ್ಷನ್‌ಗೆ ಕೈ ಹಾಕುವ ಎಂಜಿನಿಯರನ್ನು ನಾನು ನನ್ನ ಪ್ರಾಜೆಕ್ಟಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಬಾವಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಕಂಕುಳು ಪೂರ್ತಿ ಖಾಲಿ ಮಾಡಿಸಿಕೊಂಡವರಲ್ಲಿ ಸುಮಾರು ಶೇ. 20 ಮಂದಿಗೆ ತೋಳಿನ ಬಾವು, ಕಾವಲು ಗ್ರಂಥಿ ಮಾತ್ರ ತೆಗೆಸಿಕೊಂಡವರಲ್ಲಿ ಶೇ. 5.6. ಕಾವಲು ಗ್ರಂಥಿ ಹುಡುಕಿದ್ದರೆ ಅಕ್ಕನ ತೋಳು ಖಂಡಿತ ಊದುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಐದರಲ್ಲೊಂದು ಇದ್ದ ಅಪಾಯ ಹದಿನೆಂಟರಲ್ಲೊಂದು ಆಗುತ್ತಿತ್ತು. ಆ ಆಯ್ಕೆ ಇದೆ ಎಂದು ಅವಳಿಗೆ ತಿಳಿಸದೆ ಹೋದದ್ದು ನನ್ನ ಮೊದಲ ತಕರಾರು.

ಎರಡನೆಯ ತಕರಾರು ಸಾಧನಗಳನ್ನು ಕೊಂಡು ಜಾಹೀರಾತಿಗೆ ಇಡುವವರ ಮೇಲೆ. ಮೊದಲು ಸಾಧನಗಳ ಯೋಗ್ಯತೆ ನೋಡೋಣ.

ಗಾಮಾ ಪ್ರೋಬ್ ದಪ್ಪ ಪೆನ್ನಿನ ಆಕಾರದ್ದು. ಅದು ಚಿತ್ರ ತೋರಿಸುವುದಿಲ್ಲ, ಸದ್ದು ಮಾಡುತ್ತದೆ. ಟೆಕ್ನೀಷಿಯಂ-99ಎಂ ಸೂಸುವ ಗಾಮಾ ಕಿರಣಗಳನ್ನು ಎಣಿಸಿ, ಹತ್ತಿರ ಹೋದಷ್ಟೂ ಜೋರಾಗಿ ಕೂಗುತ್ತದೆ. ಆಳದಲ್ಲಿರುವ ಗ್ರಂಥಿಯೂ ಸಿಗುತ್ತದೆ. ಕಷ್ಟ ಎಂದರೆ ಟೆಕ್ನೀಷಿಯಮ್ಮಿನ ಅರ್ಧಾಯುಷ್ಯ ಆರೇ ಗಂಟೆ. ಹತ್ತಿರದಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು, ಲೈಸೆನ್ಸ್ ಬೇಕು. ಚುಚ್ಚಿದ ಜಾಗದ ಪಕ್ಕದಲ್ಲೇ ಗ್ರಂಥಿ ಇದ್ದರೆ ದೊಡ್ಡ ಸದ್ದಿನಲ್ಲಿ ಚಿಕ್ಕ ಸದ್ದು ಮುಳುಗುತ್ತದೆ. ಇದೇ ಕಿರಣಗಳಿಂದ ಚಿತ್ರ ಮೂಡಿಸುವ ಪುಟ್ಟ ಗಾಮಾ ಕ್ಯಾಮೆರಾಗಳು ಆ ತೊಂದರೆಯನ್ನು ಸ್ವಲ್ಪ ತಗ್ಗಿಸುತ್ತವೆ.

ಐಸಿಜಿ ಕ್ಯಾಮೆರಾಕ್ಕೆ ವಿಕಿರಣದ ಗೋಜಿಲ್ಲ, ನಾಳವೇ ಹರಿಯುವುದು ಕಾಣುತ್ತದೆ. ಗರ್ಭಕೋಶ ಮತ್ತು ಗರ್ಭಕಂಠದ ಕ್ಯಾನ್ಸರಿನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಫಿಲ್ಮ್ ಎಂಬ ಪ್ರಯೋಗದಲ್ಲಿ ಐಸಿಜಿ ಶೇ. 97ರಷ್ಟು ಗ್ರಂಥಿಗಳನ್ನು ತೋರಿಸಿತು, ನೀಲಿ ಬಣ್ಣ ತೋರಿಸಿದ್ದು ಶೇ. 47. ದೊಡ್ಡ ಗೆಲುವೇ. ಆದರೆ ಆ ಬೆಳಕು ಅಂಗಾಂಶದಲ್ಲಿ ಸುಮಾರು ಒಂದು ಸೆಂಟಿಮೀಟರ್ ದಾಟುವಷ್ಟರಲ್ಲಿ ಮಸುಕಾಗುತ್ತದೆ. ದಪ್ಪ ಮೈಯವರ ಕಂಕುಳಿನ ಆಳದಲ್ಲಿರುವುದು ಚರ್ಮದ ಮೇಲಿಂದ ಕಾಣುವುದಿಲ್ಲ. ನಾಳ ಕತ್ತರಿಸಿಹೋದರೆ ದ್ರವ ಚೆಲ್ಲಿ ಎಲ್ಲೆಲ್ಲೂ ಹೊಳೆಯುತ್ತದೆ. ತಡ ಮಾಡಿದರೆ ಮೊದಲ ಗ್ರಂಥಿ ದಾಟಿ ಮುಂದಿನವೂ ಬೆಳಗುತ್ತವೆ, ಯಾವುದು ಕಾವಲುಗಾರ, ಯಾವುದು ಹಿಂದಿನವ ಎಂದು ತಿಳಿಯದೆ ಹೋಗುತ್ತದೆ.

ಅಂದರೆ ಸಾಧನ ಯಾವುದಾದರೂ ಅದನ್ನು ಹಿಡಿದ ಕೈ ಮುಖ್ಯ. ಬಿ-32ರಲ್ಲಿ ತರಬೇತಿ ಪಡೆದ ಸರ್ಜನ್‌ಗಳೇ ಕೆಲಸ ಮಾಡಿದ್ದರು, ಶೇ. 97 ಮಂದಿಯಲ್ಲಿ ಕಾವಲು ಗ್ರಂಥಿ ಸಿಕ್ಕಿತು. ಆದರೂ ಫಾಲ್ಸ್ ನೆಗೆಟಿವ್ ಶೇ. 9.8. ಬಿಡಿಸಿ ಹೇಳುತ್ತೇನೆ: ಗ್ರಂಥಿಗಳಲ್ಲಿ ರೋಗ ನಿಜವಾಗಿ ಇದ್ದ ನೂರು ಜನರಲ್ಲಿ ಸುಮಾರು ಹತ್ತು ಜನಕ್ಕೆ ಕಾವಲು ಗ್ರಂಥಿ 'ಏನೂ ಇಲ್ಲ' ಎಂದಿತ್ತು. ಟೆಸ್ಟಿಂಗ್ ಮಾಡುವವರಿಗೆ ಈ ಅಂಕಿಯ ಅರ್ಥ ಕೂಡಲೇ ಹೊಳೆಯುತ್ತದೆ. ಎಲ್ಲ ಟೆಸ್ಟೂ ಪಾಸಾದವು ಎಂದರೆ ಬಗ್ ಇಲ್ಲ ಎಂದಲ್ಲ, ನಿಮ್ಮ ಟೆಸ್ಟ್ ಎಷ್ಟು ಬಗ್ ಬಿಡುತ್ತದೆ ಎಂದು ಮೊದಲು ಗೊತ್ತಿರಬೇಕು. ಹಾಗಿರುವಾಗ ಆಸ್ಪತ್ರೆಯ ಹೋರ್ಡಿಂಗಿನಲ್ಲಿ ಕ್ಯಾಮೆರಾದ ಫೋಟೊ ಇರುತ್ತದೆ. ತಂಡ ಎಷ್ಟು ಆಪರೇಷನ್ ಮಾಡಿದೆ, ಎಷ್ಟರಲ್ಲಿ ಗ್ರಂಥಿ ಸಿಗಲಿಲ್ಲ, ಎಷ್ಟು ಜನಕ್ಕೆ ಆಮೇಲೆ ಕಂಕುಳಿನಲ್ಲಿ ರೋಗ ಮರಳಿತು, ಎಷ್ಟು ತೋಳು ಊದಿದವು ಎಂಬ ನಾಲ್ಕು ಸಂಖ್ಯೆಗಳನ್ನು ನಾನು ಯಾವ ಹೋರ್ಡಿಂಗಿನಲ್ಲೂ ನೋಡಿಲ್ಲ. ಡೆಮೊ ತೋರಿಸಿ ದುಡ್ಡು ಕೇಳುವವರನ್ನು ನಾವು ಆಫೀಸಿನಲ್ಲಿ ಹೇಗೆ ನಡೆಸಿಕೊಳ್ಳುತ್ತೇವೆ ನೆನಪಿಸಿಕೊಳ್ಳಿ. ಆಸ್ಪತ್ರೆಗೆ ಹೋದಾಗ ಆ ಬುದ್ಧಿ ಎಲ್ಲಿ ಹೋಗುತ್ತದೆ?

ಈಗ ಎದುರುವಾದ. ಊರಿನ ಡಾಕ್ಟರ್ ಗೆಳೆಯನೊಬ್ಬ ನನಗೆ ಹೇಳಿದ: 'ನೀ ಪುಣೆದಾಗ ಕೂತು ಮಾತಾಡ್ತಿ. ನಮ್ಮ ಕಡೆ ಹೆಂಗಸರು ಬರೋದೇ ತಡ. ಬಗಲಾಗ ಗಂಟು ಕೈಗೆ ಸಿಗತಿರ್ತಾವ. ಅವರಿಗೆಲ್ಲಿ ಸೆಂಟಿನೆಲ್? ಮತ್ತ ಫಾಲೋಅಪ್ಪಿಗೆ ಬರ್ತಾರಂತ ಏನ್ ಗ್ಯಾರಂಟಿ? ಒಂದು ತಪ್ಪಿತಂದ್ರ ಆಕಿ ಜೀವಾನ ಹೋತು.'

ಈ ಮಾತಿನಲ್ಲಿ ನಿಜ ಇದೆ. ಗ್ರಂಥಿಯಲ್ಲಿ ರೋಗ ಇದೆ ಎಂದು ಮೊದಲೇ ಖಚಿತವಾದವರ ಲೆಕ್ಕ ಬೇರೆ. ಅವರಲ್ಲಿ ಹಲವರಿಗೆ ಕಂಕುಳು ಪೂರ್ತಿ ತೆಗೆಯುವುದೇ ಸರಿಯಾದ ಚಿಕಿತ್ಸೆ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಬೇಗ ಬಂದವಳನ್ನೂ ತಡವಾಗಿ ಬಂದವಳ ಹಾಗೇ ಕತ್ತರಿಸುವುದು ಯಾವ ನ್ಯಾಯ? 'ಬೇಗ ತೋರಿಸಿಕೊಳ್ಳಿ' ಎಂದು ಗೋಡೆಯ ಮೇಲೆ ಬರೆಸುತ್ತೇವೆ. ಬೇಗ ತೋರಿಸಿಕೊಂಡ ಅಕ್ಕನಿಗೆ ಕಂಕುಳಿನ ಮಟ್ಟಿಗೆ ಸಿಕ್ಕ ಬಹುಮಾನ ಏನು?

ದುಡ್ಡಿನ ನೆಪಕ್ಕೂ ನಮ್ಮ ದೇಶದ ವೈದ್ಯರೇ ಉತ್ತರ ಕೊಟ್ಟಿದ್ದಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕಂಕುಳಿನ ಕೆಳಭಾಗದ, ಮೊದಲ ಇಂಟರ್‌ಕಾಸ್ಟೊಬ್ರೇಕಿಯಲ್ ನರದ ಕೆಳಗಿನ ಕೊಬ್ಬನ್ನು ಮಾತ್ರ ತೆಗೆದು ಅದರಲ್ಲಿ ಸಿಕ್ಕ ಗ್ರಂಥಿಗಳನ್ನು ಪರೀಕ್ಷಿಸುವ ವಿಧಾನವನ್ನು ಕಾವಲು ಗ್ರಂಥಿ ಬಯಾಪ್ಸಿಯ ಜೊತೆಗೆ ಹೋಲಿಸಿ ನೋಡಿದ್ದಾರೆ. ತಪ್ಪುವ ಪ್ರಮಾಣ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಅದಕ್ಕೆ ಯಾವ ಯಂತ್ರವೂ ಬೇಡ, ಅಂಗರಚನೆ ತಿಳಿದ ಕೈ ಸಾಕು. ದೆಹಲಿಯ ಏಮ್ಸ್ ಮತ್ತು ಲಖನೌದ ಸಂಜಯ್ ಗಾಂಧಿ ಸಂಸ್ಥೆಯ ಸರ್ಜನ್‌ಗಳು ಫ್ಲೋರೆಸೀನ್ ಎಂಬ ಬಣ್ಣವನ್ನು ಮಿಥಿಲೀನ್ ಬ್ಲೂ ಜೊತೆ ಬಳಸಿದ್ದಾರೆ. ಫ್ಲೋರೆಸೀನ್ ಕಣ್ಣಿನ ಆಸ್ಪತ್ರೆಗಳಲ್ಲಿ ದಿನವೂ ಬಳಸುವ ವಸ್ತು. ನೀಲಿ ಎಲ್‌ಇಡಿ ಬೆಳಕು ಹಾಯಿಸಿದರೆ ಹಳದಿ ಹಸಿರಾಗಿ ಹೊಳೆಯುತ್ತದೆ, ಅದು ನಿಜವಾದ ಹಸಿರು, ಬಣ್ಣದ ಕನ್ನಡಕ ಹಾಕಿದರೆ ಬರಿಗಣ್ಣಿಗೇ ಕಾಣುತ್ತದೆ. ಸಾಫ್ಟ್‌ವೇರ್ ಬೇಡ, ಪರದೆ ಬೇಡ. ಇದೂ ಕೈಯಲ್ಲಿ ಹಿಡಿಯುವ ಸಾಧನವೇ. ಟಾರ್ಚು!

ಇದರ ವಿಡಿಯೊ ಯಾಕೆ ನಮ್ಮ ಗುಂಪಿಗೆ ಬರುವುದಿಲ್ಲ? ಟಾರ್ಚಿಗೆ ಮಾರಾಟ ಪ್ರತಿನಿಧಿ ಇಲ್ಲ. ಟಾರ್ಚು ಹಿಡಿದ ಸರ್ಜನ್‌ನ ಫೋಟೊ ಹಾಕಿದರೆ ಕಾರ್ಪೊರೇಟ್ ಆಸ್ಪತ್ರೆಯ ಮರ್ಯಾದೆ ಹೆಚ್ಚುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಕ್ಯಾಮೆರಾ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಕೆಲವು ಜಾಗಗಳಲ್ಲಿ ಅದೇ ಬೇಕು. ಆದರೆ ಮಹಾನಗರದ ಐದನೆಯ ಕ್ಯಾಮೆರಾಕ್ಕಿಂತ ಜಿಲ್ಲಾ ಕೇಂದ್ರದ ಮೊದಲ ಟಾರ್ಚು, ಅದನ್ನು ಹಿಡಿಯಲು ಕಲಿತ ಒಬ್ಬ ಸರ್ಜನ್, ಗ್ರಂಥಿಯನ್ನು ಸರಿಯಾಗಿ ಸೀಳಿ ಓದುವ ಒಬ್ಬ ಪೆಥಾಲಜಿಸ್ಟ್, ಇವರು ಹೆಚ್ಚು ತೋಳುಗಳನ್ನು ಉಳಿಸುತ್ತಾರೆ. ಈ ಮೂರರಲ್ಲಿ ನಾವು ಯಾವಾಗಲೂ ಮರೆಯುವುದು ಪೆಥಾಲಜಿಸ್ಟರನ್ನು. ಆಪರೇಷನ್ ನಡೆಯುತ್ತಿರುವಾಗಲೇ ಗ್ರಂಥಿಯನ್ನು ಹೆಪ್ಪುಗಟ್ಟಿಸಿ ಸೀಳಿ ನೋಡುವ ಫ್ರೋಜನ್ ಸೆಕ್ಷನ್ ವ್ಯವಸ್ಥೆ ಇಲ್ಲದ ಕಡೆ ಉತ್ತರಕ್ಕೆ ದಿನಗಟ್ಟಲೆ ಕಾಯಬೇಕು, ಬೇಕಾದರೆ ಎರಡನೆಯ ಆಪರೇಷನ್.

ಕಡಿಮೆ ಕತ್ತರಿಸಿದಷ್ಟೂ ಒಳ್ಳೆಯದು ಎಂಬ ಘೋಷಣೆಯನ್ನೂ ನಾನು ಕೂಗುವುದಿಲ್ಲ. ನಮ್ಮ ಊರುಗಳ ರೋಗವಾದ ಬಾಯಿ ಕ್ಯಾನ್ಸರನ್ನೇ ನೋಡಿ. ಗುಟ್ಕಾ ಚೀಟಿ ತೂಗದ ಅಂಗಡಿ ಹುಬ್ಬಳ್ಳಿಯಿಂದ ಪುಣೆಯವರೆಗೆ ಎಷ್ಟಿವೆ? ಆರಂಭದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಯಬೇಕೆ, ಗಂಟು ಕಂಡ ಮೇಲೆ ತೆಗೆದರೆ ಸಾಕೆ ಎಂದು ಜಗತ್ತು ದಶಕಗಳ ಕಾಲ ಜಗಳವಾಡಿತು. ತೀರ್ಪು ಕೊಟ್ಟದ್ದು ಟಾಟಾ ಮೆಮೋರಿಯಲ್‌ನ ಅನಿಲ್ ಡಿಕ್ರೂಜ್ ತಂಡ, 2015ರಲ್ಲಿ. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷಕ್ಕೆ ಶೇ. 80 ಮಂದಿ ಬದುಕಿದ್ದರು, ಕಾದವರಲ್ಲಿ ಶೇ. 67.5. ಇಲ್ಲಿ ಕಾಯುವುದು ಜೀವಕ್ಕೇ ಅಪಾಯ. ಆದರೆ ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತು. ಮೊದಲೇ ತೆಗೆಸಿಕೊಂಡವರಲ್ಲಿ ಗ್ರಂಥಿಯಲ್ಲಿ ರೋಗ ಸಿಕ್ಕಿದ್ದು ಸುಮಾರು ಶೇ. 30 ಮಂದಿಗೆ. ಉಳಿದ 70 ಮಂದಿ ಕುತ್ತಿಗೆ ಕೊಯ್ಯಿಸಿಕೊಂಡದ್ದು ಯಾರಿಗೆ ರೋಗ ಇಳಿದಿದೆ ಎಂದು ಮೊದಲೇ ತಿಳಿಯುವ ದಾರಿ ಇಲ್ಲದ್ದರಿಂದ. ಹಾಗೆ ಕೊಯ್ಯಿಸಿಕೊಂಡ ಕೆಲವರಿಗೆ ಭುಜ ಮೇಲೆತ್ತಲು ಕಷ್ಟವಾಗುತ್ತದೆ.

ಕಾವಲು ಗ್ರಂಥಿಯ ನಿಜವಾದ ಕೆಲಸ ಇಲ್ಲಿದೆ. ಫ್ರಾನ್ಸಿನಲ್ಲಿ 2020ರಲ್ಲಿ, ಜಪಾನಿನಲ್ಲಿ 2021ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ಆರಂಭದ ಬಾಯಿ ಕ್ಯಾನ್ಸರಿನಲ್ಲಿ ಕಾವಲು ಗ್ರಂಥಿ ನೋಡಿ ನಿರ್ಧರಿಸಿದರೂ ಫಲಿತಾಂಶ ಕೆಡುವುದಿಲ್ಲ, ಕುತ್ತಿಗೆ ಭುಜಗಳ ಚಲನೆ ಹೆಚ್ಚು ಉಳಿಯುತ್ತದೆ ಎಂದು ತೋರಿಸಿವೆ. ನಾಲಗೆಯ ಕೆಳಗಿನ ಗಡ್ಡೆಗೆ ಗ್ರಂಥಿ ತೀರಾ ಹತ್ತಿರ, ಚುಚ್ಚಿದ ಜಾಗದ ಸದ್ದು ಅದನ್ನು ಮುಚ್ಚಿಹಾಕುತ್ತದೆ. ಚಿತ್ರ ಮೂಡಿಸುವ ಕೈ ಕ್ಯಾಮೆರಾ ಬೇಕಾದ ಜಾಗ ಇದು. ಜಗತ್ತಿನ ಬಾಯಿ ಕ್ಯಾನ್ಸರ್ ಹೊರೆಯ ದೊಡ್ಡ ಪಾಲು ಹೊತ್ತ ದೇಶ ನಮ್ಮದು. ಈ ಕೆಲಸ ನಮ್ಮಲ್ಲೇ ಅತಿ ಹೆಚ್ಚು ನಡೆಯಬೇಕಿತ್ತು.

ಇನ್ನೊಂದು ಬೆಳವಣಿಗೆ ಹೇಳದಿದ್ದರೆ ನನ್ನ ವಾದ ಅಪ್ರಾಮಾಣಿಕವಾಗುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಕಾವಲು ಗ್ರಂಥಿಯೂ ಈಗ ಕೆಲವರಿಗೆ ಬೇಡವಾಗುತ್ತಿದೆ. ಮಿಲಾನಿನವರ ಮುಂದಾಳತ್ವದ ಸೌಂಡ್ ಎಂಬ ಪ್ರಯೋಗ 2023ರಲ್ಲಿ ಬಂತು. ಗಡ್ಡೆ 2 ಸೆಂಟಿಮೀಟರ್ ಒಳಗೆ, ಕಂಕುಳಿನ ಅಲ್ಟ್ರಾಸೌಂಡ್ ಶುದ್ಧ, ಅಂಥವರಲ್ಲಿ ಕಾವಲು ಗ್ರಂಥಿ ತೆಗೆದ ಗುಂಪು ಮತ್ತು ಕಂಕುಳನ್ನು ಮುಟ್ಟದ ಗುಂಪು. ಐದು ವರ್ಷಕ್ಕೆ ರೋಗ ದೂರದ ಅಂಗಗಳಿಗೆ ಹರಡದೆ ಬದುಕಿದ್ದವರು ಕ್ರಮವಾಗಿ ಶೇ. 97.7 ಮತ್ತು ಶೇ. 98. ಜರ್ಮನಿಯವರ ಇನ್ಸೆಮಾ ಪ್ರಯೋಗ 2024ರಲ್ಲಿ ಇದೇ ದಿಕ್ಕಿನ ಉತ್ತರ ಕೊಟ್ಟಿತು. ಇವುಗಳಲ್ಲಿ ಇದ್ದವರು ಬಹುಪಾಲು ವಯಸ್ಸಾದವರು, ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯವರು. ಚಿಕ್ಕ ವಯಸ್ಸಿನವರಿಗೆ, ಉಗ್ರ ಬಗೆಯ ಗಡ್ಡೆಯವರಿಗೆ ಇದನ್ನು ಹಾಗೇ ಅನ್ವಯಿಸಲಾಗದು. ಆದರೂ ದಿಕ್ಕು ಸ್ಪಷ್ಟ. ಇಲ್ಲಿ ನಿರ್ಧಾರ ಮಾಡಿದ ಸಾಧನ ಬಹುತೇಕ ಪ್ರತಿ ಪೇಟೆಯಲ್ಲೂ ಇರುವ ಅಲ್ಟ್ರಾಸೌಂಡ್ ಪ್ರೋಬು. ಹಾಲ್‌ಸ್ಟೆಡ್‌ನಿಂದ ಇಲ್ಲಿಯವರೆಗೆ ಪ್ರತಿ ಸಲವೂ ಮುನ್ನಡೆ ಎಂದರೆ ಇನ್ನಷ್ಟು ಬಿಡುವುದನ್ನು ಕಲಿತದ್ದು. ನಾವು ಮಾತ್ರ ಇನ್ನಷ್ಟು ಕಾಣುವುದಕ್ಕೆ ಚಪ್ಪಾಳೆ ಹೊಡೆಯುತ್ತಿದ್ದೇವೆ.

ಕೊನೆಯ ತಕರಾರು ನಮ್ಮ ಮೇಲೆ, ಈ ಪತ್ರಿಕೆ ಓದುವ ನಮ್ಮಂಥವರ ಮೇಲೆ. ಊರಲ್ಲಿ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಫೋನು ಬರುವುದು ನಮಗೆ. ಮುಂಬೈಗೋ ಹೈದರಾಬಾದಿಗೋ ಕರೆಸಿಕೊಳ್ಳುವವರು ನಾವು. ಇನ್ಶೂರೆನ್ಸ್ ನಮ್ಮದು, ಭಾಷೆ ಬಲ್ಲವರು ನಾವು. ಡಾಕ್ಟರ ಮುಂದೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಾ ರೋಗಿಯನ್ನು ಪಕ್ಕಕ್ಕೆ ಕೂರಿಸಿ ನಿರ್ಧಾರ ಮಾಡಿಬಿಡುತ್ತೇವೆ. ಊರು ಬಿಟ್ಟು ಬಂದ ಅಪರಾಧ ಭಾವ ಬೇರೆ. 'ಏನೂ ಕಡಿಮೆ ಮಾಡಬೇಡಿ' ಎನ್ನುವುದೇ ನಮ್ಮ ಪ್ರೀತಿಯ ಅಳತೆ. 'ಎಲ್ಲಾ ತೆಗೆದುಬಿಡಿ' ಎಂದಾಗ ನಾನು ಅಕ್ಕನ ರಿಸ್ಕ್ ಕಡಿಮೆ ಮಾಡಿದೆ ಎಂದುಕೊಂಡಿದ್ದೆ. ಕಡಿಮೆಯಾದದ್ದು ನನ್ನ ಹೆದರಿಕೆ. ತೋಳು ಅವಳದು.

ಆದ್ದರಿಂದ ಮುಂದಿನ ಸಲ ಆ ಕುರ್ಚಿಯಲ್ಲಿ ಕೂತಾಗ ಇಷ್ಟು ಕೇಳಿ. ಕಂಕುಳಿನ ಅಲ್ಟ್ರಾಸೌಂಡ್ ಆಗಿದೆಯೇ, ಅದರಲ್ಲಿ ಏನಿದೆ? ಕಾವಲು ಗ್ರಂಥಿ ಬಯಾಪ್ಸಿ ಇಲ್ಲಿ ಮಾಡುತ್ತೀರಾ, ಮಾಡದಿದ್ದರೆ ಯಾರು ಮಾಡುತ್ತಾರೆ? ಒಂದು ದ್ರವ ಬಳಸುತ್ತೀರೋ ಎರಡೋ? ಗ್ರಂಥಿ ಸಿಗದಿದ್ದರೆ ಏನು ಮಾಡುತ್ತೀರಿ? ನೀವು ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ, ಎಷ್ಟರಲ್ಲಿ ತಪ್ಪಿತು? ಒಂದೆರಡು ಗ್ರಂಥಿಯಲ್ಲಿ ರೋಗ ಸಿಕ್ಕರೆ ಉಳಿದವನ್ನು ತೆಗೆಯಲೇಬೇಕೆ? ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ. ಆಮೇಲೆ ರೋಗಿಯ ಕಡೆ ತಿರುಗಿ, ಅವರ ಭಾಷೆಯಲ್ಲಿ, ಅವರಿಗೆ ಏನು ಬೇಕು ಎಂದು ಕೇಳಿ. ನಾನು ಬಿಟ್ಟ ಪ್ರಶ್ನೆ ಅದು.

ಈ ಲೇಖನ ಕಳಿಸುವ ಮೊದಲು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಬಳೆಯ ವಿಷಯ ಬರೆಯಲೇ ಎಂದು ಕೇಳಿದೆ. 'ಬರಿ ತಮ್ಮಾ. ಆದ್ರ ನನ್ನ ಕಂಡು ಅಯ್ಯೋ ಅನ್ನೂ ಹಂಗ ಬರೀಬ್ಯಾಡ' ಅಂದಳು. ಸ್ವಲ್ಪ ತಡೆದು ಕೇಳಿದಳು, 'ಆ ಹದಿನಾರು ತಗ್ಯೂಮುಂದ ನಂಗ ಕೇಳಿದ್ರ ನಾ ಏನ್ ಅಂತಿದ್ದೆ ಅಂತ ನಿಂಗ ಗೊತ್ತೇನು?'

ಗೊತ್ತಿಲ್ಲ ಎಂದೆ.

'ನಂಗೂ ಗೊತ್ತಿಲ್ಲ. ಕೇಳಬೇಕಿತ್ತು' ಅಂದಳು.